ನಾನೇ ಎತ್ತುವ ದೋಣಿ

ತೂಕದ ವಿಷಯದಲ್ಲಿ ಆದವಾನಿಯಲ್ಲಿ ಯಾರೂ ನನ್ನ ಜೊತೆ ವಾದಕ್ಕೆ ಇಳಿಯುವುದಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ, ಜಂಬವೇ. ಮದುವೆಯಾಗಿ ಬಂದ ಮೂರನೇ ವರ್ಷ ನಮ್ಮ ಮನೆಯ ಹತ್ತಿ ಮಿಲ್ಲಿನ ಕಾಟಾದ ಮುಂದೆ, ಅಂದರೆ ತೂಕದ ಯಂತ್ರದ ಮುಂದೆ ಕೂತವಳು, ಇಪ್ಪತ್ತೆಂಟು ವರ್ಷ ಅಲ್ಲಿಂದ ಏಳಲಿಲ್ಲ. ಚೀಲ ನೆಲಕ್ಕೆ ಬಿದ್ದ ಸದ್ದು ಕೇಳಿಯೇ ಒಳಗಿನ ಹತ್ತಿ ಒಣಗಿದ್ದೋ ಹಸಿಯೋ ಹೇಳುತ್ತಿದ್ದೆ. ನಂಬದವರ ಎದುರಿಗೆ ಚೀಲದೊಳಗೆ ಮೊಣಕೈ ತನಕ ಕೈ ತೂರಿಸಿ, ಹೊರಗೆ ತೆಗೆದು, ಹಸಿಗೆ ತಣ್ಣಗಾದ ಅಂಗೈಯನ್ನು ಅವರ ಮೂಗಿನ ಮುಂದೆ ಹಿಡಿಯುತ್ತಿದ್ದೆ.

ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದವರು ನಮ್ಮ ಭಾವ, ನಮ್ಮನೆಯವರ ಅಣ್ಣ. ಮಿಲ್ಲಿನ ಯಜಮಾನಿಕೆ ಅವರದೇ. ಹೆಣ್ಣುಮಗಳು ಹಮಾಲರ ನಡುವೆ ಕೂರುವುದುಂಟೇ ಎಂದು ಬಂಧುಬಳಗ ಮೂಗು ಮುರಿದಾಗ ಅವರು, "ಆಕಿ ಕಣ್ಣು ಕಾಟಾಕ್ಕಿಂತ ಚಲೋ ಐತಿ, ಆಕಿನೇ ಕುಂದರ್ಲಿ" ಅಂದು ಆ ಮಾತನ್ನು ಅಲ್ಲಿಗೇ ಮುಗಿಸಿಬಿಟ್ಟರು. ಅವತ್ತಿನಿಂದ ನಾನು ಅವರ ಎದುರು ದನಿ ಎತ್ತಿದವಳಲ್ಲ. ಎತ್ತಿದ್ದು ಒಂದೇ ಸಲ. ಆ ಕಥೆಯನ್ನು ಮುಂದೆ ಹೇಳಲೇಬೇಕಾಗುತ್ತದೆ.

ಇಷ್ಟು ವರ್ಷ ನಾನು ತೂಗಿದ ಚೀಲಗಳಲ್ಲಿ ಒಂದನ್ನೂ ನಾನು ಎತ್ತಿಲ್ಲ. ಎತ್ತಿದವರು ಹಮಾಲರು, ನಾನು ಅಂಕಿ ಕೂಗಿದವಳು. ನಮ್ಮ ಕಡೆ ಇದೊಂದು ರೀತಿ ಇದೆ: ಯಾರಾದರೂ ಭಾರ ಎತ್ತುವುದು ಕಂಡರೆ ದಾರಿಹೋಕರೂ ನಿಂತು ಕೈ ಹಚ್ಚುತ್ತಾರೆ. ಹುಲ್ಲಿನ ಹೊರೆಯಾಗಲಿ, ನೀರಿನ ಕೊಡವಾಗಲಿ, ಅವರು ಕೇಳುವುದೂ ಇಲ್ಲ, ನಾವು ಬೇಡ ಅನ್ನುವುದೂ ಇಲ್ಲ. ಒಳ್ಳೆಯ ರೀತಿಯೇ. ಆದರೆ ಐವತ್ತು ದಾಟುವ ತನಕ ಯಾರೋ ಒಬ್ಬರು ಬಂದು "ಅಮ್ಮಾರ, ನೀವು ಬಿಡ್ರಿ" ಅನ್ನುತ್ತಲೇ ಇದ್ದರೆ, ನಮ್ಮ ಕೈಯಲ್ಲಿ ಎಷ್ಟು ತಾಕತ್ತಿದೆ ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ. ಊರಿನ ಹತ್ತಿಯನ್ನೆಲ್ಲ ತೂಗಿದವಳಿಗೆ ತನ್ನದೇ ತೂಕ ಗೊತ್ತಿರಲಿಲ್ಲ.

ನನಗೆ ದೋಣಿಯ ಹುಚ್ಚು ಹಿಡಿದದ್ದು ಕುಂದಾಪುರದ ಕಡೆ ಒಂದು ಮದುವೆಗೆ ಹೋದಾಗ. ನಮ್ಮನೆಯವರು ಊಟ ಮುಗಿಸಿ ಲಾಡ್ಜಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ನಾನು ಹೊಳೆಯ ದಂಡೆಗೆ ಅಡ್ಡಾಡಲು ಹೋದೆ. ಅಲ್ಲಿ ಕಯಾಕ್ ಬಾಡಿಗೆಗೆ ಕೊಡುತ್ತಿದ್ದರು. ಉದ್ದನೆಯ, ಸಪೂರ ದೋಣಿ. ನಡುವೆ ಒಬ್ಬರು ಕಾಲು ಚಾಚಿ ಕೂರುವಷ್ಟು ತೂತು, ಎರಡು ಕಡೆಯೂ ಅಲಗಿರುವ ಒಂದೇ ಹುಟ್ಟು. ಈಜು ಬರುತ್ತದಾ ಅಮ್ಮಾ ಎಂದು ಕೇಳಿದರು. ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವಳು ನಾನು, ಕೇಳುವ ಮಾತೇ ಅದು? ಇಬ್ಬರು ಬಂದು ನನ್ನ ರಟ್ಟೆ ಹಿಡಿದು ಪಾರ್ಸಲ್ಲಿನ ಹಾಗೆ ಒಳಗಿಟ್ಟರು. ಹೊರಗೆ ತೆಗೆದದ್ದೂ ಹಾಗೆಯೇ. ನಡುವಿನ ಒಂದು ತಾಸು ಮಾತ್ರ ಪೂರ್ತಿ ನನ್ನದು. ಎಡಕ್ಕೆ ಹಾಕಿದರೆ ಬಲಕ್ಕೆ ತಿರುಗುತ್ತಿತ್ತು, ಬಲಕ್ಕೆ ಹಾಕಿದರೆ ಎಡಕ್ಕೆ. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಮ್ಮನೆಯವರಿಗೂ ಹೇಳಿದ್ದೇನೆ.

ಊರಿಗೆ ಬಂದು ನನಗೊಂದು ದೋಣಿ ಬೇಕು ಅಂದೆ. ನಮ್ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಹತ್ತಿ ಊರಾಗ ದೋಣಿ ಎಲ್ಲಿ ತೇಲಸ್ತಿ? ಮಾಳಗಿ ಮ್ಯಾಲಿನ ಟ್ಯಾಂಕಿನ್ಯಾಗ?"

"ನಮ್ಮ ತವರಿಗೆ ಹೊಳಿ ಇಲ್ಲೇನ್ರಿ?"

ನನ್ನ ತವರು ಕೌತಾಳಂ ದಾಟಿದ ಮೇಲೆ ತುಂಗಭದ್ರೆಯ ದಂಡೆ. ಈ ದಡ ಆಂಧ್ರ, ಆ ದಡ ಕರ್ನಾಟಕ. ಚಿಕ್ಕಂದಿನಲ್ಲಿ ಆ ದಡದ ಬಳಗದವರ ಮನೆಗೆ ಹರಿಗೋಲಿನಲ್ಲಿ ಹೋಗುತ್ತಿದ್ದೆವು. ಹೆಣ್ಣುಮಕ್ಕಳೆಲ್ಲ ನಡುವೆ ಕುಕ್ಕುರುಗಾಲಲ್ಲಿ ಕೂರಬೇಕು, ಅಲುಗಾಡಬಾರದು, ಹುಟ್ಟನ್ನಂತೂ ಮುಟ್ಟಲೇಬಾರದು. ಒಮ್ಮೆ ಕೈ ಚಾಚಿದ್ದಕ್ಕೆ ಅಂಬಿಗ ನನ್ನ ಬೆರಳಿನ ಮೇಲೆ ಪಟ್ಟನೆ ಹೊಡೆದಿದ್ದ. ಆ ಏಟಿಗಿಂತ ಸುತ್ತ ಕೂತವರ ನಗು ಹೆಚ್ಚು ಉರಿದಿತ್ತು.

ನಮ್ಮನೆಯವರು ಪೇಪರು ಮಡಚಿಟ್ಟರು. "ತಗೋ. ಆದ್ರ ನಾಲ್ಕು ಮಂದಿ ಹಮಾಲರನ್ನ ಕಟ್ಕೊಂಡು ಆಡೋ ಆಟ ಆದ್ರ ನನ್ನ ಕರೀಬ್ಯಾಡ" ಅಂದರು. ಅವರು ಹೇಳಿದ್ದು ತಮಾಷೆಗೆ. ನನಗೆ ಅದು ನಾಟಿತು. ಅಲ್ಲೇ ಗಟ್ಟಿ ಮಾಡಿಕೊಂಡೆ: ಕಾರಿನ ಮೇಲೆ ಏರಿಸುವುದು, ಇಳಿಸುವುದು, ನೀರಿನ ತನಕ ಹೊರುವುದು, ಎಲ್ಲ ನಾನೇ, ಒಬ್ಬಳೇ. ಅದಾಗದಿದ್ದರೆ ದೋಣಿ ನನ್ನದಾದ ಹಾಗಲ್ಲ. ಒಂದು ಸಲ ಯಾರ ಕೈಯಾದರೂ ಬೇಕು ಅನ್ನಿಸಿತೋ, ಅವತ್ತೇ ಅದನ್ನು ಬೇರೆ ಯಾರಿಗಾದರೂ ಕೊಟ್ಟುಬಿಡುವುದು. ರಾತ್ರಿ ಇದನ್ನು ನಮ್ಮನೆಯವರಿಗೂ ಹೇಳಿದೆ.

ನನ್ನ ಎಡಭುಜ ಎರಡು ವರ್ಷ ನೋವಿನಿಂದ ಹಿಡಿದುಕೊಂಡು ಈಚೆಗಷ್ಟೇ ಸಡಿಲಾಗಿದ್ದರಿಂದ ಮೊದಲು ನನ್ನ ಅಳತೆ ತಿಳಿಯಬೇಕಿತ್ತು. ಮಿಲ್ಲಿಗೆ ರಜೆ ಇದ್ದ ಒಂದು ದಿನ ಬಾಗಿಲು ಹಾಕಿಕೊಂಡು, ಚೀಲದಲ್ಲಿ ಹತ್ತಿಕಾಳು ತುಂಬಿ, ಕಾಟಾದ ಮೇಲಿಟ್ಟು ತೂಗಿ, ಅದನ್ನು ಎದೆಮಟ್ಟ, ಹೆಗಲಮಟ್ಟ, ಕೊನೆಗೆ ಕಾರಿನ ಟಾಪಿನ ಮಟ್ಟಕ್ಕೆ ಎತ್ತಿ ನೋಡಿದೆ. ಹದಿನೈದು ಕಿಲೋ ಸಲೀಸು. ಹದಿನಾರು, ಹದಿನೇಳು ಪರವಾಗಿಲ್ಲ. ಹದಿನೆಂಟಕ್ಕೆ ಹಲ್ಲು ಕಚ್ಚಬೇಕಾಯಿತು. ಹತ್ತೊಂಬತ್ತಕ್ಕೆ ಚೀಲ ನನ್ನ ಕಾಲಿನ ಮೇಲೆ ಬಿತ್ತು. ಹದಿನೆಂಟೇ ನನ್ನ ಗಡಿ ಅಂತ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ಕೆಳಗೊಂದು ಗೆರೆ ಎಳೆದೆ. ಕುಂಟುತ್ತಾ ಮನೆಗೆ ಬಂದರೂ ಮನಸ್ಸಿಗೆ ಹಾಯಾಗಿತ್ತು, ಐವತ್ಮೂರು ವರ್ಷಕ್ಕೆ ನನ್ನ ಅಂಕಿ ಸಿಕ್ಕಿತ್ತು.

ಆಮೇಲೆ ಶುರುವಾಯಿತು ಹುಡುಕಾಟ. ಪ್ಲಾಸ್ಟಿಕ್ಕಿನ ಕಯಾಕ್ ಗಟ್ಟಿ, ಕಲ್ಲಿಗೆ ಬಡಿದರೂ ಏನೂ ಆಗದು, ಆದರೆ ಇಪ್ಪತ್ತಾರು ಕಿಲೋ. ಗಾಳಿ ತುಂಬುವುದು ಹಗುರ, ಆದರೆ ನಮ್ಮ ಹೊಳೆಯ ದಂಡೆಯ ತುಂಬ ಸರ್ಕಾರಿ ಜಾಲಿ. ಆ ಮುಳ್ಳು ಟ್ರ್ಯಾಕ್ಟರಿನ ಟೈರನ್ನೇ ಬಿಡುವುದಿಲ್ಲ, ಗಾಳಿದೋಣಿ ಯಾವ ಲೆಕ್ಕ? ಮಡಚಿ ಚೀಲದಲ್ಲಿ ಒಯ್ಯುವ ದೋಣಿಯೂ ಸಿಗುತ್ತದೆ. ಅದನ್ನು ಜೋಡಿಸುವ ವಿಡಿಯೋ ನೋಡುವಾಗಲೇ ನನಗೆ ಸಿಟ್ಟು ಬಂದು ಫೋನು ಪಕ್ಕಕ್ಕಿಟ್ಟೆ. ಗಿಡ್ಡನೆಯ, ಅಗಲದ ದೋಣಿಗಳು ಹಗುರವಾಗಿದ್ದವು, ಆದರೆ ಅವು ದಡದ ಹತ್ತಿರ ಆಡುವಂಥವು. ನನಗೆ ದೂರ ಹೋಗುವುದು ಬೇಕಿತ್ತು. ರೊಟ್ಟಿಗಂಟು, ನೀರು, ಬದಲಿ ಬಟ್ಟೆ ಎಲ್ಲ ಒಳಗಿಟ್ಟು ಮುಚ್ಚಳ ಹಾಕಿ, ಬೆಳಿಗ್ಗೆ ಹೊರಟರೆ ಸಂಜೆ ತನಕ ಹೊಳೆಯ ಮೇಲೇ ಇರುವಂಥ ಪ್ರವಾಸದ ಕಯಾಕ್. ಅದಕ್ಕೆ ಹದಿನಾಲ್ಕು ಅಡಿ ಉದ್ದ ಬೇಕು, ಉದ್ದ ಬಂದರೆ ತೂಕವೂ ಬರುತ್ತದೆ. ಎರಡೂ ಕೂಡಿಬರಬೇಕೆಂದರೆ ಫೈಬರಿನಲ್ಲಿ ತೆಳ್ಳಗೆ ಮಾಡಿಸಿದ್ದೇ ಆಗಬೇಕು. ಚೆನ್ನೈನಲ್ಲಿ ಒಬ್ಬರು ಹಾಗೆ ಮಾಡುತ್ತಾರೆ ಎಂದು ತಿಳಿಯಿತು. ಫೋನಿನಲ್ಲಿ ಕೇಳಿದರೆ ಹದಿನೇಳು ಕಿಲೋ ಅಂದರು.

ಬಾಯಿಮಾತಿನ ತೂಕವನ್ನು ನಾನು ನಂಬುತ್ತೇನೆಯೇ? ಮಿಲ್ಲಿನ ಕೊಕ್ಕೆ ತಕ್ಕಡಿಯನ್ನು ಟವೆಲಿನಲ್ಲಿ ಸುತ್ತಿ, ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಚೀಲಕ್ಕೆ ಹಾಕಿಕೊಂಡು ಚೆನ್ನೈ ರೈಲು ಹತ್ತಿದೆ. ನಮ್ಮನೆಯವರು ಜೊತೆಗೆ ಬಂದರು, ತಕ್ಕಡಿ ತೆಗೆದಾಗ ಮಾತ್ರ ನನ್ನ ಪರಿಚಯವೇ ಇಲ್ಲದವರ ಹಾಗೆ ಕಿಟಕಿ ಹತ್ತಿರ ಹೋಗಿ ನಿಂತರು. ಆ ದೋಣಿಯವರಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು, ತೆಲುಗಿನಲ್ಲಿ ಇಬ್ಬರೂ ಜಗಳ ಮಾಡಬಲ್ಲೆವು ಎಂದು ಗೊತ್ತಾಯಿತು. ಒಂದೇ ಅಚ್ಚಿನ ಮೂರು ದೋಣಿ ಇದ್ದವು. ತೊಲೆಗೆ ತಕ್ಕಡಿ ನೇತುಹಾಕಿ ಮೂರನ್ನೂ ತೂಗಿಸಿದೆ. ಒಂದು ಹದಿನೆಂಟೂವರೆ, ಒಂದು ಹದಿನೆಂಟಕ್ಕೆ ನೂರು ಗ್ರಾಂ ಕಮ್ಮಿ, ಒಂದು ಹದಿನೇಳೂ ಇನ್ನೂರು. "ಕೈಕೆಲಸ ಅಲ್ವಾ ಅಮ್ಮಾ, ಒಂದು ಅಂಟನ್ನ ಸ್ವಲ್ಪ ಜಾಸ್ತಿ ಕುಡಿದಿರುತ್ತೆ" ಅಂದರು ಅವರು. ಸೀಟು, ಮುಚ್ಚಳ, ಹಗ್ಗ ಎಲ್ಲ ಸೇರಿಸಿದ ತೂಕವಾ ಇದು ಎಂದು ಕೇಳಿದೆ. ಸೇರಿಸಿಲ್ಲ. ಸೇರಿಸಿ ಇನ್ನೊಮ್ಮೆ ತೂಗಿಸಿದೆ. ಮೂರನೆಯದರಲ್ಲಿ ಒಂದು ಮುಚ್ಚಳ ಸಡಿಲಿತ್ತು, ಅದನ್ನು ಬಿಗಿಯಾದದ್ದಕ್ಕೆ ಬದಲಿಸಿಕೊಂಡೆ. ಎಲ್ಲ ಸೇರಿ ಹದಿನೇಳೂ ಆರುನೂರು. ಸಾಸಿವೆಯ ಬಣ್ಣ, ಮೂಗು ಮಾತ್ರ ಬಿಳಿ. "ಇಂಥ ಗಿರಾಕಿ ಇನ್ನೊಬ್ಬರು ಬಂದರೆ ಅಂಗಡಿ ಮುಚ್ಚಬೇಕು" ಎಂದು ಅವರು ನಮ್ಮನೆಯವರಿಗೆ ಹೇಳಿದ್ದು ನನಗೂ ಕೇಳಿಸಿತು. ನಾನು ಅದನ್ನು ಹೊಗಳಿಕೆ ಎಂದೇ ತಗೊಂಡೆ.

ಹತ್ತಿ ಬೇಲು, ಅಂದರೆ ಒತ್ತಿ ಕಟ್ಟಿದ ಹತ್ತಿಮೂಟೆ, ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ, ಬೇಲಿನ ಬಟ್ಟೆ ಸುತ್ತಿಸಿಕೊಂಡು ನನ್ನ ದೋಣಿ ಆದವಾನಿಗೆ ಬಂತು. ಮಿಲ್ಲಿನ ಅಂಗಳದಲ್ಲಿ ಬಟ್ಟೆ ಬಿಚ್ಚುವಷ್ಟರಲ್ಲಿ ಅರ್ಧ ಓಣಿ ಸೇರಿತ್ತು. ದನಕ್ಕೆ ನೀರಿಡುವ ತೊಟ್ಟಿ ಅಂದರು ಒಬ್ಬರು. ಮುಚ್ಚಳ ಇದೆಯಲ್ಲ, ಕಾಳು ಹಾಕುವ ಕಣಜ ಇರಬೇಕು ಅಂದರು ಇನ್ನೊಬ್ಬರು. ಮಿಲ್ಲಿನಲ್ಲಿ ಕಸ ಆರಿಸುವ ಹೆಂಗಸೊಬ್ಬಳು ನಡುವಿನ ತೂತಿನಲ್ಲಿ ಇಣುಕಿ, "ಅಮ್ಮಾರ, ಇದ್ರಾಗ ನೀವು ಹಿಡಸ್ತೀರೇನ್ರಿ?" ಅಂದಾಗ ಎಲ್ಲರೂ ನಕ್ಕರು. ಹಿಡಿಸುತ್ತೇನೆ ಎಂದು ಅಲ್ಲೇ ಕೂತು ತೋರಿಸಿದೆ.

ಹೊಸ ವಸ್ತು ಬಂದರೆ ನಮ್ಮ ಮನೆಯಲ್ಲಿ ಪೂಜೆ ಮಾಡುವವರು ಭಾವನೇ. ಜಿನ್ನಿಂಗ್ ಯಂತ್ರ, ಹತ್ತಿ ಒತ್ತುವ ಪ್ರೆಸ್ಸು, ಲಾರಿ, ಟ್ರ್ಯಾಕ್ಟರು, ಎಪ್ಪತ್ತು ವರ್ಷದ ಬಾಳಿನಲ್ಲಿ ಅವರು ಪೂಜೆ ಮಾಡಿದ್ದೆಲ್ಲ ಕಬ್ಬಿಣ. ಅವರದೊಂದು ಪದ್ಧತಿ ಇತ್ತು. ಬೇರೆಯವರು ಗಾಡಿಯ ಮುಂದೆ ಕಲ್ಲಿಗೆ ಕಾಯಿ ಒಡೆದರೆ, ಇವರು ಗಾಡಿಯ ಮೈಗೇ ಒಡೆಯುತ್ತಿದ್ದರು. ಲಾರಿಯ ಬಂಪರಿಗೋ, ಟ್ರ್ಯಾಕ್ಟರಿನ ಕೊಕ್ಕೆಗೋ ಒಂದೇ ಏಟು. ಯಂತ್ರಕ್ಕೆ ನೀರು ತಾಗಬೇಕು, ಆಗಲೇ ಅದು ಮನೆಯದಾಗುತ್ತದೆ ಅನ್ನುವುದು ಅವರ ನಂಬಿಕೆ. ಅವತ್ತು ಮಡಿ ಉಟ್ಟು ಬಂದರು, ವಿಭೂತಿ ಹಚ್ಚಿದರು, ಹೂ ಇಟ್ಟರು, ಊದುಬತ್ತಿ ಬೆಳಗಿದರು. ಗಾಲಿ ಇಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿ ಇಡೋದು ಎಂದು ನಮ್ಮನೆಯವರು ಚೇಷ್ಟೆ ಮಾಡಿದರು. ನಾನು ಕೈ ಮುಗಿದು ಕಣ್ಣು ಮುಚ್ಚಿದ್ದೆ.

ಕಾಯಿ ಒಡೆದ ಸದ್ದಿನ ಜೊತೆ ಇನ್ನೊಂದು ಸದ್ದು ಕೇಳಿತು. ಕಣ್ಣು ಬಿಟ್ಟೆ. ಕಾಯಿ ಚೆನ್ನಾಗಿಯೇ ಎರಡು ಹೋಳಾಗಿತ್ತು. ದೋಣಿಯ ಬಿಳಿ ಮೂಗಿನ ಮೇಲೆ ಗೇಣುದ್ದ ಬಿರುಕು ಬಿಟ್ಟು, ಕಾಯಿಯ ನೀರು ಒಳಗೆ ಇಳಿಯುತ್ತಿತ್ತು.

ಮೂವತ್ತು ವರ್ಷ ಬಾಯಿ ಕಟ್ಟಿಕೊಂಡವಳು ಇಡೀ ಓಣಿಯ ಮುಂದೆ ಕೂಗಿಬಿಟ್ಟೆ. "ಇದೇನು ಲಾರಿ ಅಂತ ತಿಳಿದೀರೇನ್ರಿ? ಕಣ್ಣು ಕಾಣಲ್ಲೇನ್ರಿ ನಿಮಗ? ಮುಟ್ಟಬ್ಯಾಡ್ರಿ ಇನ್ನ!"

ಹಮಾಲರು ತಲೆ ತಗ್ಗಿಸಿದರು. ಭಾವ ಕೈಯಲ್ಲಿ ಕಾಯಿಯ ಹೋಳು ಹಿಡಿದೇ ನಿಂತಿದ್ದರು. "ಗಟ್ಟಿ ಇರತೈತಿ ಅಂತ ತಿಳದಿದ್ದೆನವ್ವಾ" ಅಂದರು, ಅಷ್ಟೇ. ಹೋಳುಗಳನ್ನು ತಟ್ಟೆಯಲ್ಲಿಟ್ಟು, ಪ್ರಸಾದವನ್ನೂ ಹಂಚದೆ ಮನೆಯೊಳಗೆ ಹೋದರು.

ರಾತ್ರಿ ಊಟಕ್ಕೆ ಕರೆಯಲು ಹೋಗಿ ತಪ್ಪಾಯ್ತು ಅಂದೆ. "ಹೋಗ್ಲಿ ಬಿಡವ್ವಾ" ಅಂದರು. ಅದು ಬಿಟ್ಟ ದನಿಯಾಗಿರಲಿಲ್ಲ. ದಿನಾ ಬೆಳಿಗ್ಗೆ ಕಾಟಾದ ಪಕ್ಕ ಕೂತು ನನ್ನ ಜೊತೆ ಚಾ ಕುಡಿಯುತ್ತಿದ್ದವರು ಮಾರನೇ ದಿನದಿಂದ ಆ ಕಡೆ ಬರುವುದನ್ನು ನಿಲ್ಲಿಸಿದರು. ನನಗೆ ದೋಣಿ ಒಡೆದ ಸಂಕಟ ಒಂದು ಕಡೆ, ಆಡಿದ ಮಾತಿನ ಸಂಕಟ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಯಾವ ಕಾಟಾದಲ್ಲೂ ತೂಗಲಾಗಲಿಲ್ಲ.

ದೋಣಿ ರಿಪೇರಿಗೆ ಆದವಾನಿಯಲ್ಲೇ ಜನ ಸಿಕ್ಕಿದರು. ಲಾರಿ ಕ್ಯಾಬಿನ್ನಿನ ಮೇಲಿನ ಫೈಬರ್ ಟೋಪಿ, ಕೂಲರಿನ ಡಬ್ಬಿ ಮಾಡಿಕೊಡುವ ಒಬ್ಬ ಸಾಹೇಬರು. ಬಿರುಕನ್ನು ಬೆರಳಿನಿಂದ ಸವರಿ, "ಫಿಕರ್ ನಕ್ಕೋ ಅಮ್ಮಾ, ಚಿಂತಿ ಬ್ಯಾಡ, ಆನೆ ಹತ್ತಿದ್ರೂ ಒಡೀಬಾರ್ದು, ಹಂಗ ಮಾಡಿ ಕೊಡ್ತೀನಿ" ಅಂದರು. ನನಗೆ ಗಾಬರಿಯಾದದ್ದೇ ಆವಾಗ. ಆನೆ ಹತ್ತುವಷ್ಟು ಗಟ್ಟಿ ಮಾಡಿದರೆ ಎತ್ತುವವರು ಯಾರು? ದೋಣಿಯ ತೂಕಕ್ಕೂ ನನ್ನ ಗಡಿಗೂ ನಡುವೆ ಉಳಿದದ್ದು ನಾನೂರು ಗ್ರಾಂ. ಅದಕ್ಕಿಂತ ಒಂದು ಚಮಚ ಅಂಟು ಹೆಚ್ಚಾದರೂ ದೋಣಿ ನನ್ನ ಕೈ ಬಿಟ್ಟ ಹಾಗೆ. ಚೆನ್ನೈಯವರಿಗೆ ಫೋನು ಮಾಡಿ, ಲಾರಿ ಟೋಪಿಗೆ ಹಾಕುವ ಅಂಟು ಇದಕ್ಕಾಗದು, ಬೇರೆಯದೇ ಬೇಕು ಎಂದು ತಿಳಿದು, ಅದನ್ನು ತರಿಸಿದೆ. ಸಾಹೇಬರು ಬ್ರಷ್ಷು ಅದ್ದಿದಾಗಲೆಲ್ಲ ನಾನು ಸಾಕು ಸಾಕು ಅನ್ನುತ್ತಿದ್ದೆ. ಬಣ್ಣ ಹಚ್ಚುತ್ತೇನೆ ಅಂದರು, ಬಣ್ಣಕ್ಕೂ ತೂಕ ಇದೆ, ಬೇಡ ಅಂದೆ. "ನಲವತ್ತು ವರ್ಷದಾಗ ಕಮ್ಮಿ ಹಾಕು ಅಂದ ಗಿರಾಕಿ ನೀವೊಬ್ಬರೇ" ಎಂದು ಅವರು ನಕ್ಕರು. ಅಂಗೈಯಗಲದ ಚಾದ ಬಣ್ಣದ ತೇಪೆ ಹಾಗೆಯೇ ಉಳಿಯಿತು. ತೂಗಿದರೆ ಹದಿನೇಳೂ ಒಂಬೈನೂರು. ನನ್ನ ಗಡಿಗೆ ನೂರೇ ಗ್ರಾಂ ಕಮ್ಮಿ.

ದೋಣಿ ಒಯ್ಯುವ ದಿನ ಸಾಹೇಬರು ಒಂದು ಮಾತು ಹೇಳಿದರು. "ನಿಮ್ಮ ಮಿಲ್ಲಿನ ದೊಡ್ಡ ಯಜಮಾನ್ರು ದಿನಾ ಸಂಜಿ ಬರ್ತಿದ್ರು. ಒಳಗ ಬರ್ರಿ ಅಂದ್ರ ಬರ್ತಿರಲಿಲ್ಲ. ರಸ್ತೆ ಆ ಕಡಿಗೆ ನಿಂತು ನೋಡಿ ಹೋಗ್ತಿದ್ರು."

ದೋಣಿ ಒಯ್ಯುವ ಮೊದಲು ರಸ್ತೆ ದಾಟಿ ಹೋಗಿ ಅಲ್ಲಿ ಒಂದು ಸಲ ನಿಂತು ಬಂದೆ.

ಹೊಳೆಯ ನೀರು ಇನ್ನೂ ಜೋರಿತ್ತು, ಮಳೆಗಾಲ ಮುಗಿಯುವ ತನಕ ಕಾಯಬೇಕಾಯಿತು. ಪ್ರೆಸ್ಸಿನ ಕೊಟ್ಟಿಗೆಯ ಗೋಡೆಗೆ ಬೇಲಿನ ಬಟ್ಟೆಯ ಎರಡು ಜೋಲಿ ಕಟ್ಟಿ ಅದರಲ್ಲಿ ದೋಣಿ ಮಲಗಿಸಿದೆ. ಬಿಸಿಲು ಬೀಳಬಾರದು, ಇಲಿ ಸೀಟು ಕಡಿಯಬಾರದು. ಕಾಟಾದ ಕುರ್ಚಿಗೆ ಕೂರುವ ಮೊದಲು ದಿನಾ ಬೆಳಿಗ್ಗೆ ಅದನ್ನು ಇಳಿಸಿ, ತೊಡೆಯ ಮೇಲೆ ತಂದು, ಅಲ್ಲಿಂದ ಹೆಗಲಿಗೆ ತಿರುಗಿಸಿ, ಅಂಗಳದಲ್ಲಿ ಒಂದು ಸುತ್ತು ಹೊತ್ತು ತಿರುಗಿ, ಕಾರಿನ ಮೇಲಿಟ್ಟು, ಮತ್ತೆ ಇಳಿಸುತ್ತಿದ್ದೆ. ಮೊದಮೊದಲು ಹಮಾಲರು ಓಡಿ ಬರುತ್ತಿದ್ದರು, ಗದರಿದ ಮೇಲೆ ದೂರ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಒಂದು ದಿನ ಅವರ ಮೇಸ್ತ್ರಿ ಹತ್ತಿರ ಬಂದು, "ಉಸಿರು ಹಿಡಿದು ಎತ್ತಬ್ಯಾಡ್ರಿ ಅಮ್ಮಾರ, ಬಿಟ್ಕೋತ ಎತ್ರಿ" ಎಂದು ಹೇಳಿಕೊಟ್ಟ. ಅವನ ಮಾತು ಕೇಳಿದ ದಿನದಿಂದ ಹದಿನೆಂಟಕ್ಕೂ ಹಲ್ಲು ಕಚ್ಚುವುದು ತಪ್ಪಿತು. ಇಪ್ಪತ್ತೆಂಟು ವರ್ಷ ಅವರ ಬೆನ್ನಿನ ಮೇಲಿನ ತೂಕ ಕೂಗಿದವಳಿಗೆ ಅವರ ಉಸಿರಿನ ಲೆಕ್ಕ ಅವತ್ತು ತಿಳಿಯಿತು. ನಾಚಿಕೆಯೂ ಆಯಿತು.

ಡ್ಯಾಮಿನಿಂದ ಬಿಡುವ ನೀರು ಇಳಿದು ಹೊಳೆ ಸಮಾಧಾನಕ್ಕೆ ಬಂದಿದೆ ಎಂದು ತವರಿನಿಂದ ಫೋನು ಬಂದ ಮೇಲೆ ಹೊರಟೆವು. ಭಾವನನ್ನು ಹೊರಡಿಸಿದ್ದು ನಮ್ಮನೆಯವರ ಯುಕ್ತಿ. ಹೊಳೆಗೆ ಅಂದಿದ್ದರೆ ಅವರು ಬರುತ್ತಿರಲಿಲ್ಲ. ಹಂಗೇ ಉರುಕುಂದ ಈರಣ್ಣನ ದರ್ಶನ ಮಾಡ್ಕೊಂಡು ಬರೋಣು ಅಂದಾಗ ಬರುವುದಿಲ್ಲ ಅನ್ನಲಾಗಲಿಲ್ಲ. ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತರು. ಕೌತಾಳಂ ಬಸ್‌ಸ್ಟ್ಯಾಂಡಿನ ಹತ್ತಿರ ಚಾಕ್ಕೆ ನಿಲ್ಲಿಸಿದಾಗ ಚಾದ ಅಂಗಡಿಯವನು ಕಾರಿನ ಮೇಲೆ ನೋಡಿ, "ಈರಣ್ಣ ಸ್ವಾಮಿಗೆ ಹರಕೆ ಏನ್ರಿ?" ಎಂದು ಕೇಳಿದ. "ಹರಕೆ ಹೊತ್ತಾಕಿ ಈಕಿ, ಹರಕೆ ತೀರಸಾಂವ ನಾನು" ಅಂದರು ನಮ್ಮನೆಯವರು. ಭಾವ ನಗಲಿಲ್ಲ.

ನನ್ನ ತವರಿನ ಹೊಳೆಕಟ್ಟೆಯ ಹತ್ತಿರ ಕಾರು ನಿಂತಿತು. ಬೆಲ್ಟು ಬಿಚ್ಚಿ, ದೋಣಿಯನ್ನು ಎಳೆದು, ತೊಡೆಗೆ ತಂದು, ಉಸಿರು ಬಿಡುತ್ತಾ ಹೆಗಲಿಗೆ ತಿರುಗಿಸಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೋಪು ಕೈಯಲ್ಲೇ ಓಡಿ ಬಂದರು, ಹರಿಗೋಲಿನ ಅಂಬಿಗ ಬೀಡಿ ಬಿಸಾಡಿ ಬಂದ. "ಬಿಡ್ರಿ ಅಮ್ಮಾರ, ಬಿಡ್ರಿ."

"ಯಾರೂ ಮುಟ್ಟಬ್ಯಾಡ್ರಿ!" ಎಂದು ಕೂಗಿದೆ. ಅವರು ಅಲ್ಲೇ ನಿಂತರು. ಕಲ್ಲು, ಉಸುಕು, ಕೆಸರು ದಾಟಿ ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ನಡೆದೆ. ಭುಜ ಉರಿಯಿತು, ಕೆಸರಿನಲ್ಲಿ ಕಾಲು ಒಂದು ಸಲ ಜಾರಿತು, ಬೀಳಲಿಲ್ಲ. ನೀರಿನಲ್ಲಿ ಇಳಿಸಿದಾಗ ನನ್ನ ದೋಣಿ ಒಂದು ಸಲ ಅಲ್ಲಾಡಿ ತೇಲಿತು. ಅಂಬಿಗ ಅದರ ಒಳಗೆಲ್ಲ ಇಣುಕಿ, "ಕುರಿ ಹತ್ತೂದಿಲ್ಲಲ್ರಿ ಇದ್ರಾಗ" ಎಂದು ನಿರಾಶೆಯಿಂದ ಹೇಳಿದ. ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದು ಕೂತು ಹುಟ್ಟು ಹಾಕಿದೆ.

ತೇಪೆ ಹಾಕಿದ ಮೂಗು ನೀರನ್ನು ಸೀಳಿಕೊಂಡು ಹೋಗುವುದನ್ನು ನೋಡುತ್ತಲೇ ಹೋದೆ. ಒಂದು ಹನಿಯೂ ಒಳಗೆ ಬರಲಿಲ್ಲ. ನಡುಹೊಳೆಯಲ್ಲಿ ಸೆಳೆತ ಮೂತಿಯನ್ನು ಕೆಳಗೆ ತಿರುಗಿಸಿತು, ನಾನು ಮೇಲಕ್ಕೆ ತಿರುಗಿಸಿಕೊಂಡೆ. ಬಂಡೆಗಳ ನೆರಳಿನಲ್ಲಿ ಹಾದು ಆ ದಡಕ್ಕೆ ತಾಗಿಸಿ, ಕರ್ನಾಟಕದ ಉಸುಕಿನಲ್ಲಿ ಕೂತು ಒಬ್ಬಳೇ ರೊಟ್ಟಿ ತಿಂದೆ. ಐವತ್ನಾಲ್ಕು ವರ್ಷದಲ್ಲಿ ನಾನು ತಿಂದ ಊಟಗಳಲ್ಲಿ ಅದೇ ಒಳ್ಳೆಯದು. ನಾನು ಆರಿಸಿದ ದೋಣಿ, ನಾನು ತೂಗಿದ ದೋಣಿ, ನಾನೇ ಹೊತ್ತು ತಂದ ದೋಣಿ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ನೀರುಕಾಗೆಗಳ ಹೊರತು ಕೇಳುವವರು ಇರಲಿಲ್ಲ.

ವಾಪಸ್ಸು ಬರುವಾಗ ಈ ದಡ ಹತ್ತಿರವಾದಂತೆ ಜನ ಕಾಣಿಸಿದರು. ನಮ್ಮನೆಯವರು ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದರು. ಅಂಬಿಗ, ಹೆಂಗಸರು ಅವರ ಪಕ್ಕಕ್ಕೆ. ಇವರೆಲ್ಲರ ಹಿಂದೆ, ಮೇಲೆ ಕಾರಿನ ಹತ್ತಿರ, ಭಾವನ ಬಿಳಿ ಧೋತರ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಮುಟ್ಟಬ್ಯಾಡ್ರಿ ಎಂದು ನಾನು ಅವತ್ತು ಕೂಗಿದ್ದನ್ನು ಅವರು ಇಷ್ಟು ದಿನವೂ ಪಾಲಿಸುತ್ತಿದ್ದಾರೆ ಎಂದು ಆ ಕೈಗಳನ್ನು ನೋಡಿದಾಗ ಹೊಳೆಯಿತು.

ದಡಕ್ಕೆ ತಾಗಿಸಿ, ಇಳಿದು ನಿಂತೆ. ದೋಣಿಯನ್ನು ಎತ್ತಿ ನೋಡಿದೆ. ತೋಳು ಸೋತಿದ್ದರೂ ಎತ್ತಬಲ್ಲವಳಾಗಿದ್ದೆ. ಇದನ್ನು ಯಾರೂ ಅನುಮಾನಿಸಬಾರದು, ಅದಕ್ಕೇ ಬರೆದಿಡುತ್ತಿದ್ದೇನೆ. ತೊಡೆಯ ತನಕ ಬಂದಿತ್ತು, ಇನ್ನೊಂದು ತಿರುವಿಗೆ ಹೆಗಲಿಗೆ ಬರುತ್ತಿತ್ತು. ಅದನ್ನು ಮತ್ತೆ ಕೆಳಗಿಟ್ಟೆ.

"ಭಾವಾರ, ಇಲ್ಲಿ ಬರ್ರಿ. ಮುಂದಿನ ತುದಿ ಹಿಡೀರಿ."

ನಮ್ಮನೆಯವರ ಕೈ ಗಾಳಿಯಲ್ಲೇ ನಿಂತಿತು. ನನ್ನ ಹಟ ಏನೆಂದು ಅವರಿಗೊಬ್ಬರಿಗೆ ಪೂರ್ತಿ ಗೊತ್ತಿತ್ತು.

ಭಾವ ಇಳಿದು ಬಂದರು, ಆದರೆ ನಾಲ್ಕು ಮಾರು ದೂರ ನಿಂತರು. "ನಾ ಒಲ್ಲೆನವ್ವಾ. ನಿಂದು ನೀನೇ ಎತ್ಕೋತಿ."

"ಎತ್ಕೋತೀನ್ರಿ. ಆದ್ರೂ ನೀವು ಹಿಡೀರಿ. ನಾನು ಅವತ್ತು ಆಡಬಾರದ ಮಾತು ಆಡೀನಿ. ಈಗ ನಾನೇ ಕರೀಲಿಕ್ಕತ್ತೀನಿ."

ಅವರು ಚಪ್ಪಲಿ ಬಿಟ್ಟರು. ಧೋತರ ಎತ್ತಿ ಕಟ್ಟಿ, ನೀರಿಗಿಳಿದು, ತುದಿಯ ಹಿಡಿಕೆಗೆ ಕೈ ಹಾಕದೆ ಎರಡೂ ಅಂಗೈಯನ್ನು ಮೂಗಿನ ಕೆಳಗೆ ಕೊಟ್ಟರು. ಹೆಬ್ಬೆರಳು ತೇಪೆಯ ಮೇಲೆ ಒಂದು ಸಲ ಮೆಲ್ಲಗೆ ಓಡಾಡಿತು. ನಾನು ಹಿಂದಿನ ತುದಿ ಎತ್ತಿದೆ. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಅಂಬಿಗ, ಹೆಂಗಸರು, ನಮ್ಮನೆಯವರು ಸೇರಿ ಎಂಟು ಕೈ ಮುಂದೆ ಬಂದವು. ತಿಂಗಳುಗಟ್ಟಲೆ ಮೆಲುದನಿಯಲ್ಲೇ ಮಾತಾಡುತ್ತಿದ್ದ ಭಾವ ಮಿಲ್ಲಿನ ಯಂತ್ರದ ಸದ್ದಿನ ನಡುವೆ ಕೂಗುವ ದನಿ ತೆಗೆದರು.

"ಸರೀರೋ ಎಲ್ಲಾರೂ! ಯಾರೂ ಕೈ ಹಚ್ಚಬ್ಯಾಡ್ರಿ! ನಮ್ಮ ದೋಣಿ ಐತಿ, ನಾವೇ ಒಯ್ತೀವಿ!"

ನಮ್ಮ ದೋಣಿ ಅಂದರು. ಅಲ್ಲ, ನನ್ನದು ಎಂದು ತಿದ್ದಲು ಬಾಯಿ ತೆರೆದೆ. ಅವರ ಬೆನ್ನು ಅಷ್ಟು ನೆಟ್ಟಗಾಗಿ ಎಷ್ಟೋ ದಿನವಾಗಿತ್ತು. ಬಾಯಿ ಮುಚ್ಚಿಕೊಂಡು, ಅವರು ಹಾಕಿದ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕುತ್ತಾ ದಂಡೆ ಹತ್ತಿದೆ.